ಕೈಗಾದ ಗುಮ್ಮಟ, ಶ್ವಾಸಕೋಶದ ಗಂಟು

ಕೈಗಾ ಅಣುಸ್ಥಾವರದ ನೆರೆಯ ಕದ್ರಾ, ಮಲ್ಲಾಪುರದ ಕಡೆ ಆರೋಗ್ಯದ ಮಾತು ತೆಗೆದರೆ ಅದು ವಿಕಿರಣಕ್ಕೆ ಬಂದು ನಿಲ್ಲಲು ಹೆಚ್ಚು ಹೊತ್ತು ಬೇಕಿಲ್ಲ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಅಪಾಯದ ಮಗ್ಗುಲಲ್ಲಿ ಮನೆ ಮಾಡಿಕೊಂಡವರು ಅದನ್ನಲ್ಲದೆ ಇನ್ನೇನು ಕೇಳಿಯಾರು? ಆದರೆ ವಿಕಿರಣ ಅಳೆಯಲು ಸ್ಥಾವರದ ಕೆಲಸಗಾರರ ಅಂಗಿಯ ಮೇಲೊಂದು ಬಿಲ್ಲೆ ಇರುತ್ತದೆ, ಸುತ್ತಲಿನ ನೀರು, ಮಣ್ಣು, ಮೀನು ಪರೀಕ್ಷಿಸಲು ಪ್ರಯೋಗಾಲಯವೂ ಇದೆ. ಕಾಣದೆಯೇ ಗಾಳಿಯಲ್ಲಿ ತೇಲಿಬರುವ ಇನ್ನೊಂದಕ್ಕೆ ಯಾವ ಬಿಲ್ಲೆಯೂ ಇಲ್ಲ. ಅದು ಕ್ಷಯದ ಬ್ಯಾಕ್ಟೀರಿಯ.

ಜರ್ಮನಿಯ ವೈದ್ಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಜಗತ್ತಿಗೆ ತೋರಿಸಿಕೊಟ್ಟ ಈ ಕಡ್ಡಿಯಾಕಾರದ ಜೀವಿ ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗದಷ್ಟು ಉದ್ದ. ಮಹಾ ನಿಧಾನಿ. ನಮ್ಮ ಕರುಳಿನ ಇ. ಕೋಲೈ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಇದಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಗಂಟೆ ಬೇಕು. ಅದರ ಮೈತುಂಬ ಮೇಣದಂಥ ದಪ್ಪ ಕೊಬ್ಬಿನ ಪದರ. ಹಾಗಾಗಿ ಬಣ್ಣವೂ ಸುಲಭಕ್ಕೆ ಹಿಡಿಯದು, ಔಷಧವೂ ಸುಲಭಕ್ಕೆ ಒಳಹೋಗದು. ಲ್ಯಾಬಿನಲ್ಲಿ ಕಫ ಸವರಿದ ಗಾಜಿನ ಮೇಲೆ ಕೆಂಪು ಬಣ್ಣ ಸುರಿದು, ಕೆಳಗಿನಿಂದ ಆವಿಯೇಳುವಷ್ಟು ಕಾಯಿಸಿ, ಆಮ್ಲದಿಂದ ತೊಳೆಯುತ್ತಾರೆ. ಉಳಿದದ್ದೆಲ್ಲ ಬಣ್ಣ ಬಿಟ್ಟರೂ ಇದು ಬಿಡುವುದಿಲ್ಲ. ಕೊನೆಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ನೆಲದ ಮೇಲೆ ಸಣ್ಣ ಕೆಂಪು ಗೀರುಗಳು.

ರೋಗಿ ಕೆಮ್ಮಿದಾಗ, ಮಾತಾಡಿದಾಗಲೂ, ಹೊರಬೀಳುವ ಹನಿಗಳಲ್ಲಿ ದೊಡ್ಡವು ನೆಲ ಸೇರುತ್ತವೆ. ಸಣ್ಣವು ಒಣಗಿ, ಒಳಗೆ ಒಂದೆರಡು ಬ್ಯಾಕ್ಟೀರಿಯ ಹೊತ್ತು, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ತಟ್ಟೆ ಲೋಟದಿಂದ ಕ್ಷಯ ಹರಡುವುದಿಲ್ಲ. ಅದರ ಹೆಸರಿನಲ್ಲಿ ಮನೆಯವರನ್ನು ಬೇರೆ ಕೂರಿಸಿ ಉಣಬಡಿಸುವುದು ಬರೀ ಕ್ರೌರ್ಯ. ನೋಡಬೇಕಾದ್ದು ಗಾಳಿ ಬೆಳಕನ್ನು. ಇಲ್ಲಿನ ಕಾಳಿ ನದಿ ಕಣಿವೆಯಲ್ಲಿ ಜೂನ್ ಬಂತೆಂದರೆ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತವೆ, ಬ್ಯಾಕ್ಟೀರಿಯವನ್ನು ಕೊಲ್ಲುವ ಬಿಸಿಲೂ ಇರುವುದಿಲ್ಲ. ಕೈಗಾದಲ್ಲಿ ಈಗ ತಲಾ 700 ಮೆಗಾವ್ಯಾಟಿನ ಎರಡು ಹೊಸ ಘಟಕಗಳ ಕೆಲಸವಿದೆ. ಅಲ್ಲಿ ಕೂಲಿಕಾರರ ಷೆಡ್ ಕಟ್ಟಿಸುವವರು ಎದುರುಬದುರಾಗಿ ಎರಡು ಕಿಟಕಿ ಇಟ್ಟರೆ ಅದೇ ಅರ್ಧ ವೈದ್ಯ.

ಉಸಿರಿನ ಜೊತೆ ಗಾಳಿಗೂಡಿನ ತಳ ಮುಟ್ಟಿದ ಬ್ಯಾಕ್ಟೀರಿಯವನ್ನು ಅಲ್ಲಿ ಕಾವಲಿರುವ ಮ್ಯಾಕ್ರೊಫೇಜ್ ಎಂಬ ಕೋಶ ನುಂಗುತ್ತದೆ. ನುಂಗಿದ್ದನ್ನು ಒಂದು ಚೀಲದಲ್ಲಿಟ್ಟು, ಆಮ್ಲ ತುಂಬಿದ ಇನ್ನೊಂದು ಚೀಲದೊಂದಿಗೆ ಕೂಡಿಸಿ ಜೀರ್ಣಿಸುವುದು ಅದರ ಕ್ರಮ. ಕ್ಷಯದ ಕಿತಾಪತಿ ಇರುವುದು ಇಲ್ಲೇ: ಎರಡು ಚೀಲ ಕೂಡದಂತೆ ತಡೆದು, ತನ್ನನ್ನು ತಿನ್ನಬೇಕಾದವನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಕೋಶ ಸಾಯುತ್ತದೆ, ಇನ್ನಷ್ಟು ಕೋಶಗಳು ಧಾವಿಸುತ್ತವೆ.

ಕೆಲವು ವಾರಗಳಲ್ಲಿ ರೋಗನಿರೋಧಕ ಪಡೆ ಪೂರ್ತಿ ಎಚ್ಚೆತ್ತು, ಕೊಲ್ಲಲಾಗದ್ದನ್ನು ಕೂಡಿಹಾಕಲು ನೋಡುತ್ತದೆ. ಕೈಗಾದ ರಿಯಾಕ್ಟರುಗಳಿಗೆ ಎರಡು ಪದರದ ಕಾಂಕ್ರೀಟ್ ಕವಚವಿದೆಯಲ್ಲ, ಅದರ ಕೆಲಸ ಒಳಗಿರುವುದನ್ನು ನಾಶ ಮಾಡುವುದಲ್ಲ, ಹೊರಬಿಡದಿರುವುದು. ದೇಹ ಕಟ್ಟುವ ಗ್ರ್ಯಾನ್ಯುಲೋಮ ಎಂಬ ಗಂಟಿನ ಕೆಲಸವೂ ಅದೇ. ನಡುವೆ ಸತ್ತ ಕೋಶಗಳ ಮೆತ್ತನೆಯ ಮುದ್ದೆ, ಸುತ್ತ ಮ್ಯಾಕ್ರೊಫೇಜ್‌ಗಳು, ಹೊರಸುತ್ತಿನಲ್ಲಿ ಅದೇ ಪಡೆಯ ಟಿ-ಕೋಶಗಳು. ಆಮ್ಲಜನಕ ಸಿಗದೆ ಬ್ಯಾಕ್ಟೀರಿಯ ಮಂಕಾಗಿ ವರ್ಷಗಟ್ಟಲೆ ಮಲಗಬಲ್ಲದು. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ಶೇ. 5ರಿಂದ 10 ಮಾತ್ರ. ಉಳಿದವರಿಗೆ ಕಾಯಿಲೆಯೂ ಇಲ್ಲ, ಅವರಿಂದ ಯಾರಿಗೂ ಹರಡುವುದೂ ಇಲ್ಲ.

1994ರ ಮೇ 13ರಂದು, ಕಟ್ಟುತ್ತಿರುವಾಗಲೇ, ಕೈಗಾದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು. ಇಂಧನ ತುಂಬಿರಲಿಲ್ಲ, ಮತ್ತೆ ಕಟ್ಟಲಾಯಿತು. ಶ್ವಾಸಕೋಶದ ಗಂಟಿಗೆ ಆ ಅನುಕೂಲವಿಲ್ಲ. ಅದರ ಗೋಡೆ ಜೀವಂತ ಕೋಶಗಳದು, ದಿನವೂ ದುರಸ್ತಿಯಾಗುತ್ತಿರಬೇಕು. ಮೇಲಾಗಿ ಗೋಡೆ ಕಟ್ಟಲು ಬಂದವರೇ ಸೋಂಕು ಹೊತ್ತು ಹೊರಡುವುದೂ ಉಂಟು. ವಿಜ್ಞಾನಿ ಲಲಿತಾ ರಾಮಕೃಷ್ಣನ್ ಅವರ ತಂಡ ಜೀಬ್ರಾ ಮೀನಿನ ಪಾರದರ್ಶಕ ಮರಿಗಳಲ್ಲಿ ಇದನ್ನು ಕಣ್ಣಾರೆ ಕಂಡಿದೆ. ಹಸಿವು, ಸಕ್ಕರೆ ಕಾಯಿಲೆ, ಎಚ್‌ಐವಿ, ಕುಡಿತ, ಬೀಡಿ ಇವು ರಕ್ಷಣೆಯನ್ನು ಸಡಿಲಿಸಿದಾಗ ನಡುವಿನ ಮುದ್ದೆ ಕರಗಿ, ಶ್ವಾಸನಾಳಕ್ಕೆ ಬಾಯಿ ತೆರೆದು, ಖಾಲಿ ಪೊಟರೆ ಉಳಿಯುತ್ತದೆ. ಅಲ್ಲಿ ಆಮ್ಲಜನಕ ಧಾರಾಳ. ಮಲಗಿದ್ದದ್ದು ಕೋಟಿಗಳ ಲೆಕ್ಕದಲ್ಲಿ ಬೆಳೆದು ಕೆಮ್ಮಿನೊಂದಿಗೆ ಹೊರಬರುತ್ತದೆ. ಪೊಟರೆಯ ಅಂಚಿನ ರಕ್ತನಾಳ ಹರಿದರೆ ಕಫದಲ್ಲಿ ರಕ್ತ. ಸಂಜೆ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು, ಇದರಲ್ಲಿ ಬಹುಪಾಲು ನಮ್ಮದೇ ರಕ್ಷಣಾ ಪಡೆಯ ರಂಪಾಟ.

ಹಸಿವು ರಕ್ಷಣೆಯನ್ನು ಸಡಿಲಿಸುವುದಾದರೆ ಅನ್ನವೂ ಔಷಧವೇ? ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಜಾರ್ಖಂಡ್‌ನಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ರೋಗಿಗಳ ಮನೆಯವರಿಗೆ ಪ್ರತಿ ತಿಂಗಳು ತಲೆಗಿಷ್ಟು ಅಕ್ಕಿ, ಬೇಳೆ, ಜೊತೆಗೆ ಪೋಷಕಾಂಶದ ಮಾತ್ರೆ. ಸುಮಾರು ಹತ್ತು ಸಾವಿರ ಜನರ ಮೇಲಿನ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಈ ಆಹಾರ ಪಡೆದವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಇಳಿದಿತ್ತು. ಅಕ್ಕಿ ಬೇಳೆಗೆ ಇಷ್ಟು ಶಕ್ತಿಯಿದ್ದರೆ, ಪಡಿತರ ಅಂಗಡಿಯನ್ನೂ ಆರೋಗ್ಯ ಇಲಾಖೆಯ ಲೆಕ್ಕಕ್ಕೇ ಸೇರಿಸಬೇಕು.

ರೋಗ ಪತ್ತೆಯ ವಿಷಯದಲ್ಲಿ ಕರ್ನಾಟಕದ್ದೇ ಹಳೆಯ ಪಾಠವೊಂದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1960ರ ದಶಕದ ಆರಂಭದಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳ ರೋಗಿಗಳನ್ನು ಮಾತಾಡಿಸಿದರು. ಹಳ್ಳಿಯವರಿಗೆ ಅರಿವಿಲ್ಲ ಎಂಬ ಪಟ್ಟಣದ ನಂಬಿಕೆ ಸುಳ್ಳಾಯಿತು. ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಕೆಮ್ಮಿನ ಔಷಧ ಕೊಟ್ಟು ಅವರನ್ನು ವಾಪಸು ಕಳಿಸಲಾಗಿತ್ತು.

ಇಂದು ಹಾಗೆ ಪರೀಕ್ಷಿಸದೆ ಕಳಿಸಲು ಯಾವ ನೆಪಕ್ಕೂ ಜಾಗವಿಲ್ಲ. ಬೆಂಗಳೂರಿನ ಬಿಗ್‌ಟೆಕ್ ರೂಪಿಸಿ, ಕಾರವಾರದಾಚೆಯ ಗೋವಾದಲ್ಲಿ ಮೊಲ್ಬಯೊ ತಯಾರಿಸುವ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೇ ನಡೆದು, ಕಫದಲ್ಲಿ ಬ್ಯಾಕ್ಟೀರಿಯದ ಡಿಎನ್‌ಎ ಇದೆಯೇ ಎಂದು ಸುಮಾರು ಒಂದು ಗಂಟೆಯಲ್ಲಿ ಹೇಳುತ್ತದೆ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಕೆಲವೇ ವಾರಗಳಲ್ಲಿ ಮೈ ಹಗುರಾಗುತ್ತದೆ, ಮಾತ್ರೆ ಬಿಡುವ ಆಸೆ ಹುಟ್ಟುವುದೂ ಆಗಲೇ; ಆದರೆ ಮಂಕಾಗಿ ಮಲಗಿದವು ಇನ್ನೂ ಸತ್ತಿರುವುದಿಲ್ಲ. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯವನ್ನು ನಾವೇ ಸಾಕಿದಂತೆ.

ಎರಡು ವಾರ ದಾಟಿದ ಕೆಮ್ಮಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಿರಪ್ಪು ಕೊಟ್ಟು ಕಳಿಸಲು ನೋಡಿದರೆ, ಕಫ ಪರೀಕ್ಷೆ ಬರೆದುಕೊಡಿ ಎಂದು ಕೇಳಿ ಪಡೆಯಿರಿ. ಪರೀಕ್ಷೆಗೂ ಮಾತ್ರೆಗೂ ಅಲ್ಲಿ ದುಡ್ಡು ಕೊಡಬೇಕಿಲ್ಲ. ಚಿಕಿತ್ಸೆ ನಡೆಯುವಷ್ಟು ಕಾಲ ಊಟಕ್ಕೆಂದು ತಿಂಗಳಿಗೆ 1000 ರೂಪಾಯಿ ರೋಗಿಯ ಬ್ಯಾಂಕ್ ಖಾತೆಗೆ ಬರಬೇಕು, ಅದನ್ನೂ ಕೇಳಿ.