ಕಪ್ಪು ಹಕ್ಕಳೆಯ ಹಳ್ಳ

ಸೊರಬ, ಶಿಕಾರಿಪುರದ ಕಡೆ ಭತ್ತದ ಕೊಯ್ಲಾಗಿ ಗದ್ದೆ ಬಿರುಕು ಬಿಟ್ಟಾಗ ಮಣ್ಣಿನ ಮೇಲೆ ಸುರುಟಿಕೊಂಡ ಕಪ್ಪು ಹಕ್ಕಳೆಯನ್ನು ಗಮನಿಸಿ. ಮುಟ್ಟಿದರೆ ಪುಡಿ. ಮಳೆ ಹಿಡಿಯಿತೋ, ಅದೇ ಉಬ್ಬಿ ಲೋಳೆಯಾಗಿ ಕಾಲು ಜಾರಿಸುತ್ತದೆ. ಇಂಥ ಹಕ್ಕಳೆ ಕಟ್ಟುವವರಲ್ಲಿ ನಾಸ್ಟಾಕ್ ಮುಖ್ಯ. ಪಾಚಿ ಎನ್ನುತ್ತೇವೆ, ನಿಜದಲ್ಲಿ ಬ್ಯಾಕ್ಟೀರಿಯ. ಗಾಳಿಯ ಸಾರಜನಕ ಹಿಡಿದು ಗದ್ದೆಗೆ ಬಿಟ್ಟಿ ಗೊಬ್ಬರ ಕೊಡುವ ಈ ಬಳಗದ ಕೆಲಸವನ್ನು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು.

ಇದರ ನೆಂಟರು ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಒಣ ಕಣಿವೆಗಳಲ್ಲೂ ಇದ್ದಾರೆ. ಅದು ಹಿಮವೂ ನಿಲ್ಲದ ಶೀತ ಮರುಭೂಮಿ. ಬೇಸಿಗೆಯ ಕೆಲವೇ ವಾರ ಹಿಮನದಿಯ ಅಂಚು ಕರಗಿ ಹಳ್ಳ ಹರಿಯುತ್ತದೆ. ಮೀನಿಲ್ಲ, ದಡದಲ್ಲಿ ಹುಲ್ಲಿಲ್ಲ; ಇರುವುದು ತಳದ ಹಕ್ಕಳೆ. ಅಲ್ಲಿನ ಅತಿ ಉದ್ದದ ನದಿ ಓನಿಕ್ಸ್, ಸುಮಾರು 32 ಕಿ.ಮೀ.; ನಮ್ಮ ವರದಾ ನದಿಯ ಹಾಗೆ ಹತ್ತಿರದ ಸಮುದ್ರಕ್ಕೆ ಬೆನ್ನು ಹಾಕಿ ಒಳನಾಡಿಗೆ ಹರಿದು ವಾಂಡಾ ಸರೋವರ ಸೇರುತ್ತದೆ.

1993ರಿಂದ ಈ ಕಣಿವೆಗಳ ಹಳ್ಳಗಳಲ್ಲಿ ಬಿಡದೆ ಅಳತೆ ನಡೆದಿದೆ. ಹಳ್ಳದ ತಳದಲ್ಲಿಟ್ಟ ಒತ್ತಡಮಾಪಕ ಮೇಲಿನ ನೀರಿನ ಭಾರವನ್ನು 15 ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ. ಆದರೆ ಅದು ಹೇಳುವುದು ಆಳವನ್ನಷ್ಟೇ. ಎಷ್ಟು ಆಳಕ್ಕೆ ಎಷ್ಟು ಹರಿವು ಎಂಬ ಲೆಕ್ಕ ಕೂರಿಸಲು ಯಾರಾದರೂ ಕೊರೆಯುವ ನೀರಿಗಿಳಿದು ವೇಗ ಅಳೆಯಲೇಬೇಕು. ಕೋಡಿ ಬಿದ್ದ ಕೆರೆಯಲ್ಲಿ ಎಷ್ಟು ಗೇಣು ಹರಿಯುತ್ತಿದೆ ಎಂದು ನೋಡಿ ಮಳೆ ಅಂದಾಜಿಸುವವರಿಗೆ ಈ ಲೆಕ್ಕ ಹೊಸದೇನಲ್ಲ. ಅಲ್ಲಿನ ಹರಿವು ದಿನದೊಳಗೇ ಏರಿಳಿಯುತ್ತದೆ: ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಸುತ್ತುತ್ತಾನೆ, ಅವನ ಬಿಸಿಲು ಹಿಮನದಿಯ ಗೋಡೆಗೆ ನೇರ ಬಿದ್ದ ಹೊತ್ತಿಗೆ ಹಳ್ಳ ಉಕ್ಕುತ್ತದೆ.

ಸುಮಾರು ಇಪ್ಪತ್ತು ವರ್ಷ ಒಣಗಿದ್ದ ಹಳ್ಳದ ಪಾತ್ರವೊಂದಕ್ಕೆ 1990ರ ದಶಕದಲ್ಲಿ ವಿಜ್ಞಾನಿ ಡಯೇನ್ ಮೆಕ್‌ನೈಟ್ ಮತ್ತು ಸಂಗಡಿಗರು ನೀರು ತಿರುಗಿಸಿದರು. ವಾರದೊಳಗೆ ತಳದ ಹಕ್ಕಳೆ ಜೀವ ಹಿಡಿದು ಬೆಳೆಯತೊಡಗಿತ್ತು. ಬೀಜ ಎಲ್ಲಿಂದಲೋ ಬಂದದ್ದಲ್ಲ, ಅಲ್ಲೇ ಒಣಗಿ ಕೂತಿತ್ತು.

ವರ್ಷಗಟ್ಟಲೆ ಅಳೆಯುವ ಇಂಥ ಕೆಲಸಕ್ಕೆ ಹಣ ಕೇಳುವುದು ಕಷ್ಟ. ಈ ವರ್ಷ ಏನು ಕಂಡುಹಿಡಿದಿರಿ ಎಂದರೆ, ಹೋದ ವರ್ಷದ ಅಳತೆಯನ್ನೇ ಮತ್ತೆ ಮಾಡಿದೆವು ಎನ್ನಬೇಕು! 1986ರಿಂದ 2000ದವರೆಗೆ ಆ ಕಣಿವೆಗಳು ತಣ್ಣಗಾಗುತ್ತ ಬಂದವು, ಹಳ್ಳಗಳು ಸೊರಗಿದವು, ಸರೋವರಗಳು ಇಳಿದವು. 2001–02ರ ಬೇಸಿಗೆ ಬಿಸಿಯಾಯಿತು. ಹಳ್ಳಗಳು ದಡ ಕೊರೆದು ಹರಿದವು, ಸರೋವರಗಳು ಒಂದೇ ಬೇಸಿಗೆಯಲ್ಲಿ ಮೇಲೇರಿದವು. 2000ದಲ್ಲೇ ಅಳತೆಯ ಪುಸ್ತಕ ಮಡಚಿಟ್ಟಿದ್ದರೆ ಕಣಿವೆ ಒಣಗುತ್ತಲೇ ಇದೆ ಎಂಬುದೇ ತೀರ್ಮಾನವಾಗಿ ಉಳಿಯುತ್ತಿತ್ತು.