ವಾರ್ಷಿಕ ವರದಿಯಲ್ಲಿ ಬಾಸ್‌ನ ರಾಜಕೀಯ

2014ರ ಫೆಬ್ರುವರಿ ಕೊನೆ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಆ್ಯಪಲ್ ಷೇರುದಾರರ ಸಭೆ. ಪರಿಸರದ ಹೆಸರಲ್ಲಿ ಕಂಪನಿ ಯಾವ್ಯಾವ ಸಂಘಗಳ ಜೊತೆ ಗುರುತಿಸಿಕೊಂಡಿದೆ, ಅದರಿಂದ ಷೇರುದಾರರಿಗೇನು ಲಾಭ ಎಂಬುದನ್ನು ಬಹಿರಂಗಪಡಿಸಿ ಎಂದು ಬಲಪಂಥೀಯ ಚಿಂತಕರ ಕೂಟವೊಂದು ಪಟ್ಟು ಹಿಡಿಯಿತು. ಸದಾ ತಣ್ಣಗೆ ಮಾತಾಡುವ ಸಿಇಒ ಟಿಮ್ ಕುಕ್ ಅಂದು ಸಿಡಿದರು. ಅಂಧರೂ ಬಳಸಬಲ್ಲ ಸಾಧನ ಮಾಡುವಾಗ ನಾನು ಲಾಭದ ಲೆಕ್ಕ ಹಾಕುವುದಿಲ್ಲ, ಬರೀ ಲಾಭವೇ ಬೇಕೆನ್ನುವವರು ಈ ಷೇರು ಬಿಟ್ಟು ಹೊರಡಿ ಎಂಬರ್ಥದ ಮಾತು ಬಂತು. ಆ ಕೂಟದ ಗೊತ್ತುವಳಿಗೆ ಬಿದ್ದದ್ದು ಶೇ 3ರ ಆಸುಪಾಸು ಮತ.

2017ರ ಮೇ 31ರಂದು ಡಲ್ಲಾಸ್‌ನಲ್ಲಿ ನಡೆದದ್ದು ಇದರ ತಿರುವುಮುರುವು. ಹವಾಮಾನ ನೀತಿ ಬಿಗಿಯಾದರೆ ನಿಮ್ಮ ತೈಲ ವ್ಯವಹಾರದ ಗತಿಯೇನು, ವರದಿ ಕೊಡಿ ಎಂದು ಎಕ್ಸಾನ್‌ಮೊಬಿಲ್ ಷೇರುದಾರರು ಕೇಳಿದರು. ಆಡಳಿತ ಮಂಡಳಿ ಬೇಡವೆಂದರೂ ಶೇ 62ರಷ್ಟು ಮತ ಪರವಾಗಿ ಬಿತ್ತು.

ಒಂದೆಡೆ ಹಸಿರಿನ ಲೆಕ್ಕ ಕೊಡಲು ನಿರಾಕರಣೆ, ಇನ್ನೊಂದೆಡೆ ಹೊಗೆಯ ಲೆಕ್ಕ ಕೊಡಲು. ಇಬ್ಬರೂ ಸುಳ್ಳು ಹೇಳಲಿಲ್ಲ. ಕೇಳಿದ್ದು ಅಷ್ಟೇನೂ ಮುಖ್ಯವಲ್ಲ ಅಂದುಕೊಂಡರು, ಅಷ್ಟೇ. ರಾಜಕೀಯ ನಂಬಿಕೆ ವರದಿಯೊಳಗೆ ನುಸುಳುವುದು ಇಲ್ಲೇ. ವಿವೇಕವುಳ್ಳ ಹೂಡಿಕೆದಾರ ಯಾವುದನ್ನು ಮುಖ್ಯವೆಂದು ಬಗೆಯಬಹುದೋ ಅದನ್ನು ತಿಳಿಸಬೇಕು ಎಂಬುದು 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಅಳತೆಗೋಲು. ಆ ವಿವೇಕಿ ಯಾರು? ಬಾಸ್ ಕಣ್ಣಿಗೆ ಅವನು ಹೆಚ್ಚಾಗಿ ಬಾಸ್‌ನಂತೆಯೇ ಕಾಣುತ್ತಾನೆ.

ಬಾಸ್‌ನ ರಾಜಕೀಯ ಒಲವನ್ನು ಅಳೆಯಲು ಅಮೆರಿಕದ ಸಂಶೋಧಕರಿಗೆ ಒಂದು ಅನುಕೂಲವಿದೆ. ಅಭ್ಯರ್ಥಿಗೆ 200 ಡಾಲರ್ ಮೀರಿ ದೇಣಿಗೆ ಕೊಟ್ಟವರ ಹೆಸರು, ಊರು, ಉದ್ಯೋಗ, ಕಂಪನಿ, ತಾರೀಖು ಎಲ್ಲವೂ ಫೆಡರಲ್ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಾಲುಸಾಲಾಗಿ ಸಿಗುತ್ತದೆ. ಅದನ್ನಿಟ್ಟುಕೊಂಡು 2014ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಹೆಸರುವಾಸಿ. ಡೆಮಾಕ್ರಟಿಕ್ ಒಲವಿನವರು ನಡೆಸುವ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯಲ್ಲಿ ಹೆಚ್ಚು ಅಂಕ ಪಡೆದವು ಎಂದಿತು ಒಂದು. ರಿಪಬ್ಲಿಕನ್ ಒಲವಿನ ವ್ಯವಸ್ಥಾಪಕರು ಸಾಲ ಕಡಿಮೆ ಮಾಡುತ್ತಾರೆ, ಅಪಾಯದ ಹೂಡಿಕೆಗೆ ಹಿಂಜರಿಯುತ್ತಾರೆ ಎಂದಿತು ಇನ್ನೊಂದು. ಆದರೂ ದೇಣಿಗೆ ನೋಡಿ ಮನಸ್ಸು ಓದುವುದು ಅಷ್ಟು ಸಲೀಸಲ್ಲ. ಪ್ಯಾರಿಸ್ ಹವಾಮಾನ ಒಪ್ಪಂದ ಬಿಡಬೇಡಿ ಎಂದು ಟ್ರಂಪ್‌ಗೆ ಹೇಳಿದವರಲ್ಲಿ, ಹವಾಮಾನ ವರದಿ ಬೇಡವೆಂದ ಇದೇ ಎಕ್ಸಾನ್ ಕೂಡ ಇತ್ತು!

ನಿಯಮ ಮಾಡುವವರಲ್ಲೂ ಇದೇ ಒಡಕು. ಹವಾಮಾನ ಅಪಾಯ ಬಹಿರಂಗಪಡಿಸಬೇಕೆಂಬ ನಿಯಮವನ್ನು ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿ 2024ರ ಮಾರ್ಚ್‌ನಲ್ಲಿ ಅಂಗೀಕರಿಸಿದ್ದು 3–2 ಮತಗಳಿಂದ, ಪಕ್ಷದ ಗೆರೆಯಂತೆ. ಮರುವರ್ಷದ ಮಾರ್ಚ್‌ನಲ್ಲಿ, ಆಡಳಿತ ಬದಲಾದ ಮೇಲೆ, ಕೋರ್ಟಿನಲ್ಲಿ ಅದರ ಪರ ವಾದಿಸುವುದನ್ನೇ ನಿಲ್ಲಿಸಿತು.

ನಮ್ಮಲ್ಲಿ? ಯಾವ ಪಕ್ಷಕ್ಕೆ ಕೊಟ್ಟೆವೆಂದು ಕಂಪನಿ ಹೇಳಬೇಕಿಲ್ಲ ಎಂದು 2017ರಲ್ಲಿ ಕಾನೂನನ್ನೇ ತಿದ್ದಲಾಗಿತ್ತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಜೊತೆಗೆ ಆ ತಿದ್ದುಪಡಿಯನ್ನೂ ರದ್ದು ಮಾಡಿತು. ಬಾಂಡ್ ಕೊಂಡ ಕಂಪನಿಗಳ ಪಟ್ಟಿ ಹೊರಬಿತ್ತು. ಆದರೆ ಕಂಪನಿ ಅಧಿಕಾರಿಗಳ ಸ್ವಂತ ಒಲವು ಮಬ್ಬಿನಲ್ಲೇ ಇದೆ. 20,000 ರೂಪಾಯಿ ಮೀರಿದ ದೇಣಿಗೆಗೆ ಪಕ್ಷಗಳು ನಮ್ಮ ಚುನಾವಣಾ ಆಯೋಗಕ್ಕೆ ಸಲ್ಲಿಸುವ ನಮೂನೆಯಲ್ಲಿ ಹೆಸರು, ವಿಳಾಸ, ಪ್ಯಾನ್, ಮೊತ್ತ ಇರುತ್ತವೆ. ದಾನಿ ಎಲ್ಲಿ ಕೆಲಸ ಮಾಡುತ್ತಾನೆ ಎಂಬ ಕಾಲಂ ಇಲ್ಲ. ಬೆಂಗಳೂರಿನ ಕಂಪನಿಗಳ ಮೇಲೆ ಇಂಥ ಅಧ್ಯಯನಕ್ಕೆ ಕೈಹಾಕುವವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.