ಊರುಗೋಲು ಯಾವ ಕೈಗೆ?

ಕಮಲಾಪುರದ ಸುತ್ತ ಬಾಳೆ, ಕಬ್ಬು, ಭತ್ತ. ನಾಟಿಗೆ ಬಗ್ಗಿದ ಸೊಂಟ, ಗೊನೆ ಹೊತ್ತ ಹೆಗಲು, ಸಂಡೂರಿನ ಗಣಿ ರಸ್ತೆಯಲ್ಲಿ ಲಾರಿ ಓಡಿಸಿದ ಬೆನ್ನು: ಈ ಭಾಗದ ಫಿಜಿಯೋಥೆರಪಿಸ್ಟರ ಮುಂದೆ ಬಂದು ಕೂರುವುದು ಇಂಥ ದುಡಿಮೆಯೇ. ಕೂತವರ ಮೊದಲ ಬೇಡಿಕೆ, “ಡಾಕ್ಟ್ರೇ, ಒಂಚೂರು ಕರೆಂಟ್ ಕೊಡ್ರಿ.”

ಪ್ಯಾಡ್ ಅಂಟಿಸಿ ಸಣ್ಣಗೆ ವಿದ್ಯುತ್ ಹರಿಸಿದರೆ ನೋವು ಕೆಲ ಹೊತ್ತು ತಗ್ಗುತ್ತದೆ, ನಿಜ. ಅಸಲು ಕೆಲಸ ಶುರುವಾಗುವುದು ಆಮೇಲೆ. ಮಂಡಿ ಸವೆದವರಿಗೆ ತೊಡೆಯ ಸ್ನಾಯು ಗಟ್ಟಿಯಾಗಬೇಕು. ಸಕ್ಕರೆ ಕಾಯಿಲೆಯಿಂದ ಭುಜ ಬಿಗಿದವರು ಗೋಡೆಯ ಮೇಲೆ ಬೆರಳು ನಡೆಸುತ್ತ ದಿನದಿನಕ್ಕೆ ಕೈ ಮೇಲೇರಿಸಬೇಕು. ಅದನ್ನು ರೋಗಿಯೇ ಮಾಡಬೇಕು, ಅದೂ ಮನೆಯಲ್ಲಿ. ಗುಳಿಗೆ ನುಂಗಿ ಮಲಗುವ ರೂಢಿಯವರಿಗೆ ಇದು ಚಿಕಿತ್ಸೆ ಅನ್ನಿಸುವುದೇ ಇಲ್ಲ. ಊರುಗೋಲಿನ ವಿಷಯದಲ್ಲೂ ತಪ್ಪು ತಿಳಿವಳಿಕೆಯೇ: ಎಡ ಮಂಡಿ ನೋಯುವವರು ಎಡಗೈಯಲ್ಲೇ ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಬಲಗೈಯಲ್ಲಿ, ಆಗಲೇ ನೋವಿನ ಕಾಲಿನ ಭಾರ ಇಳಿಯುವುದು.

ನಮ್ಮ ದೇಶದಲ್ಲಿ ಫಿಜಿಯೋಥೆರಪಿಯ ಶಾಲೆ ಮೊದಲು ತೆರೆದದ್ದು 1953ರಲ್ಲಿ, ಮುಂಬೈಯಲ್ಲಿ, ಪೋಲಿಯೋ ಕಾಡುತ್ತಿದ್ದ ಕಾಲಕ್ಕೆ. ಈ ವೃತ್ತಿಯನ್ನೂ ಒಳಗೊಂಡ ರಾಷ್ಟ್ರೀಯ ಆಯೋಗದ ಕಾನೂನು ಬರಲು 2021 ಆಯಿತು. ತೀರಾ ತಡ.

ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಡುವುದು ಲಕ್ವ ಹೊಡೆದವರ ಆರೈಕೆ. ಚೇತರಿಕೆ ಚುರುಕಾಗಿರುವುದು ಮೊದಲ ಮೂರು ತಿಂಗಳು. ಮಗ್ಗುಲಾಗುವುದು, ಮಂಚದ ಅಂಚಿಗೆ ಕೂರುವುದು, ಎದ್ದು ನಿಲ್ಲುವುದು, ಎರಡು ಕಂಬಿಗಳ ನಡುವೆ ಹೆಜ್ಜೆ ಹಾಕುವುದು, ಎಲ್ಲವನ್ನೂ ಮಿದುಳಿಗೆ ಮತ್ತೆ ರೂಢಿ ಮಾಡಿಸಬೇಕು. ಅದೇ ಹೊತ್ತಿಗೆ ಮನೆಯಲ್ಲಿ ಕೂಲಿಯ ಲೆಕ್ಕ ಎದ್ದು ನಿಲ್ಲುತ್ತದೆ. ಚಿಕಿತ್ಸೆಗೆ ಹೋಗಬೇಕಾದ ಹೊಸಪೇಟೆ ಕಮಲಾಪುರದಿಂದ 12 ಕಿ.ಮೀ. ಆಸುಪಾಸು, ನಡೆಯಲಾಗದವರನ್ನು ದಿನಾ ಕರೆದೊಯ್ಯಲು ಆಟೋ ಬೇಕು, ಜೊತೆಗೆ ಹೋಗುವವರ ಒಂದು ದಿನದ ದುಡಿಮೆಯೂ ಹೋಗುತ್ತದೆ. ವಾರ ಕಳೆಯುವುದರಲ್ಲಿ ಬರುವುದು ನಿಂತಿರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಚಿಕಿತ್ಸೆಯೇ ಊರಿಗೆ, ಮನೆಗೆ ಬರಬೇಕು.

ಇನ್ನೊಂದು ಅಪಾಯ ಅಕ್ಕರೆಯಿಂದಲೇ ಬರುತ್ತದೆ. ಸ್ವಾಧೀನ ತಪ್ಪಿದ ಕೈ ಹಿಡಿದೆಳೆದು ಮನೆಯವರು ರೋಗಿಯನ್ನು ಎಬ್ಬಿಸುತ್ತಾರೆ. ಹಿಡಿದಿಡಲು ಸ್ನಾಯುವಿನ ಬಲವಿಲ್ಲದ ಭುಜದ ಕೀಲು ಜಾರಿ, ಇಲ್ಲದ ನೋವು ಹೊಸದಾಗಿ ಸೇರಿಕೊಳ್ಳುತ್ತದೆ.

ಹಾಗಾಗಿ ಲಕ್ವದ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ಮೊದಲು ಫಿಜಿಯೋಥೆರಪಿಸ್ಟರನ್ನು ಕಾಣಿ. ಎಬ್ಬಿಸುವ, ಕೂರಿಸುವ ರೀತಿಯನ್ನು ಅವರ ಎದುರಿಗೇ ಒಮ್ಮೆ ಮಾಡಿ, ಸರಿಯೆನಿಸಿಕೊಂಡು ಬನ್ನಿ.